ನಮ್ಮೂರಿನ ಕಾರುಗಳ ಕಥೆ, ಹಿಂದಿನ ಸೀಟಿನಿಂದ

ಚೌತಿ ಕಳೆದ ಮೇಲೆ ನಮ್ಮ ಮನೆ ಅಂಗಳದಲ್ಲಿ ಒಂದು ಕ್ರೀಮ್ ಬಣ್ಣದ ಪ್ರೀಮಿಯರ್ ಪದ್ಮಿನಿ ಬಂದು ನಿಂತದ್ದು ನಿಮಗೆಲ್ಲ ಗೊತ್ತುಂಟು. ಗೊತ್ತಿಲ್ಲದವರಿಗೆ ಹಾಲು ತರುವವರು ಹೇಳಿ ಆಗಿದೆ. ದೇವಸ್ಥಾನದಲ್ಲಿ ಒಬ್ಬರು, ರೇಶನ್ ಅಂಗಡಿಯಲ್ಲಿ ಇನ್ನೊಬ್ಬರು, ಮದುವೆ ಊಟದ ಪಂಕ್ತಿಯಲ್ಲಿ ಮತ್ತೊಬ್ಬರು, ಎಲ್ಲರದ್ದೂ ಒಂದೇ ಪ್ರಶ್ನೆ: "ಎಂತ ಮಾರಾಯ್ತಿ, ಇದ್ದ ಕಾರು ಸಾಲದಾ? ಆ ಹಳೇದು ಎಂತಕ್ಕೆ?" ಒಬ್ಬೊಬ್ಬರಿಗೆ ಉತ್ತರ ಕೊಟ್ಟು ಪೂರೈಸುವುದಿಲ್ಲ, ಹಾಗಾಗಿ ಒಂದೇ ಸರ್ತಿ ಬರೆಯುವ ಅಂತ ಕೂತೆ. ಬರೀಲಿಕ್ಕೆ ಹೊರಟರೆ ಇದು ನಮ್ಮ ಒಂದು ಕಾರಿನ ಕಥೆಯಾಗಿ ಉಳಿಯಲಿಲ್ಲ. ನಮ್ಮ ಅತ್ತೆ, ನಿಮ್ಮ ಅಮ್ಮ, ಇವರೆಲ್ಲ ಬದುಕಿದ ಕಾಲದ ಕಥೆ ಆಯ್ತು. ಸ್ವಲ್ಪ ಉದ್ದ ಉಂಟು. ಅಕ್ಕಿ ನೆನೆ ಹಾಕಿ ಓದಲಿಕ್ಕೆ ಕೂತುಕೊಳ್ಳಿ.

ಮೊದಲು ಕಾರಿನ ಗುಣ ಹೇಳ್ತೇನೆ. ಇದು 1983ರ ಮಾಡೆಲ್. ಕಾರ್ಕಳದಲ್ಲಿ ರಿಟೈರ್ ಆದ ಒಬ್ಬರ ಹತ್ತಿರ ಇತ್ತು. ಅವರಿಗೆ ಕಣ್ಣು ಮಂಜಾಗಿ ಓಡಿಸಲಿಕ್ಕೆ ಆಗ್ತಿರಲಿಲ್ಲ. ಮಗ ಅಮೆರಿಕದಲ್ಲಿ. ನಮ್ಮನೆಯವರು ನೋಡಲಿಕ್ಕೆ ಅಂತ ಹೋದವರು ಅಡ್ವಾನ್ಸ್ ಕೊಟ್ಟು ಬಂದರು. ಇದರಲ್ಲಿ ಕೀ ತಿರುಗಿಸಿದ ಕೂಡಲೇ ಹೊರಡುವ ಮಾತೇ ಇಲ್ಲ. ಬೆಳಿಗ್ಗೆ ಚಳಿಗೆ ಮೊದಲು ಚೋಕ್ ಎಳೀಬೇಕು. ಎಂಜಿನಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ, ಗಾಳಿ ಸ್ವಲ್ಪ ಕಡಿಮೆ ಹೋಗುವ ಹಾಗೆ ಮಾಡುವ ಗುಂಡಿ ಅದು. ಸ್ಟಾರ್ಟ್ ಆದ ಮೇಲೆ ಅದನ್ನು ಮೆಲ್ಲ ಒಳಗೆ ದೂಡಬೇಕು. ಒಲೆ ಹತ್ತಿದ ಮೇಲೆ ಊದುವುದು ನಿಲ್ಲಿಸಿದ ಹಾಗೆ. ದೂಡಲಿಕ್ಕೆ ಮರೆತರೆ ಕಪ್ಪು ಹೊಗೆ, ಪ್ಲಗ್ಗಿಗೆ ಮಸಿ, ಮತ್ತೆ ಇಡೀ ದಿನ ಕೆಮ್ಮು. ಬೇಸಿಗೆಯಲ್ಲಿ ಬೇರೆ ನಮೂನೆ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಡುರಸ್ತೆಯಲ್ಲಿ ನಿಂತುಬಿಡ್ತದೆ. ಆಗ ಬಾನೆಟ್ ತೆಗೆದು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಜ್ವರ ಬಂದ ಮಗುವಿನ ಹಣೆಗೆ ಹಾಕ್ತೇವಲ್ಲ, ಅದೇ ಕ್ರಮ. ಹಾಗಾಗಿ ನಮ್ಮ ಡಿಕ್ಕಿಯಲ್ಲಿ ಯಾವಾಗಲೂ ಒಂದು ಬಾಟ್ಲಿ ನೀರು, ನನ್ನ ಹಳೆ ಕಾಟನ್ ಸೀರೆಯ ತುಂಡು ಇರ್ತದೆ.

ಗೇರು ಕಾಲ ಹತ್ತಿರ ಇಲ್ಲ, ಸ್ಟೇರಿಂಗಿನ ಎಡಗಡೆ ಕೋಲಿನ ಹಾಗೆ ಉಂಟು. ಎ.ಸಿ. ಇಲ್ಲ. ಅದರ ಬದಲು ಮುಂದಿನ ಕಿಟಕಿಯಲ್ಲಿ ಸಣ್ಣ ತ್ರಿಕೋಣ ಗಾಜು ಉಂಟು. ಅದನ್ನು ಓರೆ ತಿರುಗಿಸಿದರೆ ಗಾಳಿ ಸೀದಾ ಮುಖಕ್ಕೆ ಬರ್ತದೆ, ತಲೆಕೂದಲು ಹಾರುವುದಿಲ್ಲ. ಇಷ್ಟು ಒಳ್ಳೆ ಸಂಗತಿಯನ್ನು ಈಗಿನ ಕಾರಿನಿಂದ ಯಾಕೆ ತೆಗೆದರೋ. ಸೀಟು ಮಾತ್ರ ಸೋಫಾ. ಒಂದು ಲೀಟರಿಗೆ 12-13 ಕಿಲೋಮೀಟರ್ ಕೊಟ್ಟರೆ ದೊಡ್ಡದು. ಪಾರ್ಕ್ ಮಾಡಲಿಕ್ಕೆ ಸ್ಟೇರಿಂಗ್ ತಿರುಗಿಸಿದರೆ ದೋಸೆ ಹಿಟ್ಟು ರುಬ್ಬುಕಲ್ಲಿನಲ್ಲಿ ರುಬ್ಬಿದಷ್ಟು ಕೈನೋವು.

ಇನ್ನು ಇತಿಹಾಸಕ್ಕೆ ಬರುವ.

ಉಡುಪಿಯಲ್ಲಿ ಎಲ್ಲಕ್ಕಿಂತ ಮೊದಲ 'ಕಾರು' ಯಾವುದು ಕೇಳಿದರೆ ಕೃಷ್ಣಮಠದ ತೇರು. ತಮಾಷೆಗೆ ಹೇಳಿದ್ದಲ್ಲ. ನಮ್ಮ ರಥಬೀದಿಗೆ ಇಂಗ್ಲಿಷಿನವರು ಕಾರ್ ಸ್ಟ್ರೀಟ್ ಅಂತ ಹೆಸರಿಟ್ಟರು, ಅವರ ಭಾಷೆಯಲ್ಲಿ ರಥಕ್ಕೂ ಕಾರ್ ಅಂತಲೇ ಹೇಳ್ತಿದ್ದರು. ಮಂಗಳೂರಿನಲ್ಲೂ ಹಾಗೇ. ಹೊರಗಿನಿಂದ ಮಣಿಪಾಲಕ್ಕೆ ಓದಲಿಕ್ಕೆ ಬಂದ ಮಕ್ಕಳು ಬೋರ್ಡು ನೋಡಿ, ಇಲ್ಲಿ ಕಾರು ಮಾರ್ತಾರಾ ಅಂತ ಕೇಳುವುದುಂಟು. ಆ ಕಾರಿಗೆ ಯಜಮಾನ ಒಬ್ಬ, ಎಳೆಯುವವರು ಊರೆಲ್ಲ. ಪೆಟ್ರೋಲಿನ ಕಾರು ಬಂದ ಮೇಲೆ ಅದು ಉಲ್ಟಾ ಆಯ್ತು.

ನಮ್ಮ ಜಿಲ್ಲೆ 1956ರ ನವೆಂಬರ್ ತನಕ ಮದ್ರಾಸಿಗೆ ಸೇರಿತ್ತು. ಮೋಟಾರು ಬಂದದ್ದು ಆ ಕಾಲದಲ್ಲೇ. 1914ರಲ್ಲಿ ಮಂಗಳೂರಿನಿಂದ ಬಂಟ್ವಾಳಕ್ಕೆ ಮೊದಲ ಬಸ್ಸು ಹೊರಟಿತು, ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯದ್ದು. ನಮ್ಮ ಹಿರಿಯರ ಬಾಯಲ್ಲಿ ಸಿ.ಪಿ.ಸಿ. ಮತ್ತೆ ಶಂಕರ ವಿಠಲ, ಹನುಮಾನ್, ಹೀಗೆ ಒಂದೊಂದು ಬಸ್ಸಿಗೂ ಮನೆಮಕ್ಕಳ ಹೆಸರಿನ ಹಾಗೆ ಹೆಸರು. ಈಗಲೂ ನಾವು "ಇಷ್ಟು ಗಂಟೆಯ ಬಸ್ಸು" ಹೇಳುವುದಿಲ್ಲ, ಬಸ್ಸಿನ ಹೆಸರೇ ಹೇಳುವುದು.

ಕರಾವಳಿಯಲ್ಲಿ ಕಾರಿಗೆ ದೊಡ್ಡ ಅಡ್ಡಿ ಹೊಳೆ. ಕಾಪುವಿನಿಂದ ಉಡುಪಿಗೆ ಹೆಚ್ಚೆಂದರೆ 13 ಕಿಲೋಮೀಟರ್. ಆದರೆ ನಡುವೆ ಉದ್ಯಾವರದ ಹೊಳೆ. ಮಂಗಳೂರಿಗೆ ಹೋಗುವುದಾದರೆ ಮುಲ್ಕಿಯಲ್ಲಿ ಶಾಂಭವಿ, ಕೂಳೂರಿನಲ್ಲಿ ಗುರುಪುರ ಹೊಳೆ. ಸೇತುವೆ ಇಲ್ಲದ ಕಾಲದಲ್ಲಿ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ಮೋಟಾರನ್ನು ಅದರ ಮೇಲೆ ಹತ್ತಿಸಿ ದಾಟಿಸ್ತಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದೂ ಇಲ್ಲ. ಅದಕ್ಕೇ ಕಾರ್ಕಳ, ಮೂಡುಬಿದಿರೆ ಮೇಲಿನ ಒಳದಾರಿಗೆ ಆಗ ಅಷ್ಟು ಬೆಲೆ. ಸ್ವಾತಂತ್ರ್ಯ ಬಂದ ಮೇಲೆ ಉಳ್ಳಾಲ ಶ್ರೀನಿವಾಸ ಮಲ್ಯರು ಪಾರ್ಲಿಮೆಂಟಿಗೆ ಹೋಗಿ ಹೆದ್ದಾರಿ, ಸೇತುವೆ ಅಂತ ಹಿಡಿದ ಹಟದಿಂದ ಕರಾವಳಿಯ ರಸ್ತೆ ಒಂದಕ್ಕೊಂದು ಸೇರಿತು. ನಮಗೆ ಅದು ನಂಬ್ರ 17 ಆಗಿಯೇ ನೆನಪು, ಈಗ 66 ಆಗಿದೆ.

ಇನ್ನು ನಮ್ಮ ಪದ್ಮಿನಿಯ ತವರಿನ ಸುದ್ದಿ. ಇವಳ ತವರು ಇಟಲಿ. ಅಲ್ಲಿಯ ಫಿಯೆಟ್ ಕಂಪೆನಿ 1953ರಲ್ಲಿ '1100' ಅಂತ ಹೊಸ ನಮೂನೆಯ ಕಾರು ಮಾಡಿತು. ಎಂಜಿನ್ 1089 ಸಿ.ಸಿ., ಅದಕ್ಕೆ ಹತ್ತಿರದ ನಂಬ್ರದ ಹೆಸರು. ಮರುವರ್ಷವೇ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಅದನ್ನು ಕಟ್ಟಲಿಕ್ಕೆ ಶುರುಮಾಡಿದರು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಹಾಕಿದ ಕಂಪೆನಿ ಅದು. ಮೊದಲಿನ ಆ ಗುಂಡು ಮೂತಿಯ ಕಾರಿಗೆ ಮುಂಬಯಿಯವರು 'ಡುಕ್ಕರ್ ಫಿಯೆಟ್' ಹೇಳ್ತಿದ್ದರು, ಮರಾಠಿಯಲ್ಲಿ ಡುಕ್ಕರ್ ಅಂದರೆ ಹಂದಿ. ಅದರ ಎದುರಿನ ಬಾಗಿಲು ಹಿಂದುಮುಂದಾಗಿ ತೆರೀತಿತ್ತು. ಮುಂಬಯಿ ಹೋಟೆಲಿನಲ್ಲಿದ್ದ ನಮ್ಮೂರಿನವರು ರಜೆಗೆ ಬಂದು ಈ ಸುದ್ದಿಯೆಲ್ಲ ಹೇಳಿದ್ದನ್ನು ನಾನು ಸಣ್ಣವಳಿದ್ದಾಗ ಕೇಳಿದ್ದೇನೆ. 1964ರಲ್ಲಿ ರೂಪ ಬದಲಾಗಿ 'ಡಿಲೈಟ್' ಬಂತು. ಮತ್ತೆ ಒಂದೆರಡು ವರ್ಷ 'ಪ್ರೆಸಿಡೆಂಟ್' ಅಂತ ಹೆಸರು. 1974ರಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟು 'ಪದ್ಮಿನಿ' ಮಾಡಿದರು. ಇಟಲಿಯಲ್ಲಿ ಈ ನಮೂನೆ 1969ಕ್ಕೇ ನಿಂತು ಹೋಗಿತ್ತು. ತವರಿನವರು ಮರೆತ ಮೇಲೂ ಮಗಳು ಇಲ್ಲಿ ಇನ್ನೂ 30 ವರ್ಷ ಸಂಸಾರ ಮಾಡಿದಳು.

ಅದು ಯಾಕೆ ಹಾಗೆ? ಆಗ ಯಾರು ಎಷ್ಟು ಕಾರು ಮಾಡಬೇಕು ಅಂತ ಸರ್ಕಾರದ ಲೈಸೆನ್ಸ್ ಬೇಕಿತ್ತು. ಹೊರಗಿನ ಕಾರು ತರಿಸಲಿಕ್ಕೆ ಬಿಡ್ತಿರಲಿಲ್ಲ. ಇದ್ದದ್ದು ಮೂರೇ ಮನೆ: ಕುರ್ಲಾದ ಫಿಯೆಟ್, ಕಲ್ಕತ್ತಾ ಹತ್ತಿರ ಉತ್ತರಪಾರಾದ ಅಂಬಾಸಿಡರ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕೊಳ್ಳುವವರು ಹೇಗೂ ಕಾಯ್ತಾರೆ ಅಂತಾದರೆ ಮಾಡುವವರು ಹೊಸತು ಯಾಕೆ ಮಾಡ್ತಾರೆ?

ಹಾಗಾಗಿ ಊರಿಗೊಂದು, ಹೆಚ್ಚೆಂದರೆ ಎರಡು ಕಾರು. ಯಾರ ಮನೆಯಲ್ಲಿ? ಗುತ್ತಿನ ಮನೆ, ಗೇಣಿ ಬರುವ ದೊಡ್ಡ ಮನೆ, ಡಾಕ್ಟ್ರು, ವಕೀಲರು, ಮುಂಬಯಿಯಲ್ಲಿ ಹೋಟೆಲ್ ಇದ್ದವರು. ನಮ್ಮ ಮಾವ ಕಾರಿನೊಳಗೆ ಬಂದದ್ದು ಅಂಥ ಒಂದು ಮನೆಯಲ್ಲಿ. ಬೈಲೂರು ಕಡೆ ದೊಡ್ಡ ಜಮೀನಿನ ಮನೆ. ಮಾವ 23 ವರ್ಷಕ್ಕೆ ಡ್ರೈವರ್ ಆಗಿ ಸೇರಿದರು. ಮೊದಲು ಹಳೆಯ ಫಿಯೆಟ್, ಮತ್ತೆ ಡಿಲೈಟ್. ಮಾವನಿಗೆ ಆ ಕಾರು ಅಂದರೆ ಜೀವ. ಬೆಳಿಗ್ಗೆ ಐದೂವರೆಗೆ ಎದ್ದು ಬಾವಿಯಿಂದ ನೀರು ಸೇದಿ ತೊಳೀತಿದ್ದರಂತೆ. ಮನೆಯಲ್ಲಿ ಮಕ್ಕಳ ಹುಟ್ಟಿದ ದಿನ ನೆನಪಿಲ್ಲ, ಆದರೆ ಕಾರಿಗೆ ಎಷ್ಟು ಮೈಲಿಗೆ ಎಣ್ಣೆ ಬದಲಾಯಿಸಿದ್ದು ಅಂತ ಬಾಯಿಪಾಠ. ನಮ್ಮನೆಯವರು ಸಣ್ಣವರಿದ್ದಾಗ ತಂದೆಯ ಮಡಿಲಲ್ಲಿ ಕೂತು ಕೊಟ್ಟಿಗೆಯಿಂದ ಗೇಟಿನ ತನಕ ಸ್ಟೇರಿಂಗ್ ಹಿಡಿದದ್ದೇ ಅವರ ಬಾಲ್ಯದ ದೊಡ್ಡ ನೆನಪು. ಈ ಕಾರು ತಂದದ್ದು ಅದಕ್ಕೇ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದು.

1974ರ ಮಾರ್ಚಿನಿಂದ ಭೂಮಸೂದೆ ಜಾರಿಗೆ ಬಂತು. ದೇವರಾಜ ಅರಸರ ಕಾಲ, ಉಳುವವನೇ ಹೊಲದೊಡೆಯ. ನಮ್ಮ ಜಿಲ್ಲೆಯಲ್ಲಿ ಗೇಣಿ ಒಕ್ಕಲು ಬಹಳ. ಅವರೆಲ್ಲ ಡಿಕ್ಲರೇಶನ್ ಕೊಟ್ಟರು. ಏಳನೇ ನಂಬ್ರ ಫಾರ್ಮಿನ ಮಾತು ಆಡದ ಮನೆ ಇರಲಿಲ್ಲ. ದೊಡ್ಡ ಮನೆಗಳಿಗೆ ಅಕ್ಕಿಮುಡಿ ಬರುವುದು ನಿಂತಿತು. ಹಾಗೆ ನಿಂತಾಗ ಮೊದಲು ಮನೆಯಿಂದ ಹೊರಗೆ ಹೋದದ್ದು ಕಾರು, ಅದರ ಹಿಂದೆ ಡ್ರೈವರ್. ಯಾರ ಹೊಲ ಯಾರಿಗೆ ಹೋಯ್ತು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತುಂಟು. ದೊಡ್ಡ ಮನೆಯ ಡ್ರೈವರ್, ಅಡಿಗೆಯವರು, ಮನೆಕೆಲಸದ ಹೆಂಗಸರು ಎಲ್ಲಿಗೆ ಹೋದರು ಅಂತ ಯಾರೂ ಬರೆದಿಟ್ಟದ್ದು ನಾನು ಕಾಣೆ. ಅವರ ಹೆಸರಲ್ಲಿ ಗೇಣಿ ಚೀಟಿ ಇರಲಿಲ್ಲ, ಡಿಕ್ಲರೇಶನ್ ಕೊಡಲಿಕ್ಕೆ ಜಾಗ ಇರಲಿಲ್ಲ. ಮಾವ ಉಡುಪಿಗೆ ಬಂದು ಬೇರೆಯವರ ಟ್ಯಾಕ್ಸಿ ಓಡಿಸಿದರು, ಪದ್ಮಿನಿ. ದಿನದ ಬಾಡಿಗೆಯಲ್ಲಿ ಪಾಲು. ಸ್ವಂತಕ್ಕೆ ಒಂದು ಕಾರು ಕೊನೆಯವರೆಗೂ ಆಗಲಿಲ್ಲ.

ಬ್ಯಾಂಕಿನ ಊರಲ್ಲಿದ್ದೂ ಆಗಲಿಲ್ಲ ನೋಡಿ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ಎರಡೂ ಹುಟ್ಟಿದ್ದು ಉಡುಪಿಯಲ್ಲಿ. ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ ಅವರ ಜೊತೆ ವಾಮನ ಕುಡ್ವರು ಇಂಜಿನಿಯರ್. ಮಂಗಳೂರಿನಲ್ಲಿ ಮೋಟಾರಿನ ಪಟ್ಟಿ ಸ್ಪ್ರಿಂಗ್ ಮಾಡುವ ಕೆನರಾ ವರ್ಕ್‌ಶಾಪ್ಸ್ ಅವರದ್ದೇ. ಆ ಬ್ಯಾಂಕಿನ ಪಿಗ್ಮಿ 1928ರಲ್ಲಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟಿದರೆ ಸಾಕಿತ್ತು. ನನ್ನ ಅಮ್ಮ ಶಂಕರಪುರದಲ್ಲಿ ಮಲ್ಲಿಗೆ ಕಟ್ಟಿ ಸಿಕ್ಕಿದ ಹಣದಲ್ಲಿ ಪಿಗ್ಮಿ ಕಟ್ಟಿಯೇ ನನಗೆ ಬಳೆ ಮಾಡಿಸಿದ್ದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆರಳು ಬಾಳೆನಾರಿಗೆ ಸವೆದಿತ್ತು. ಬಳೆ ಆಗ್ತದೆ, ಮಗಳ ಪಿಯುಸಿ ಫೀಸು ಆಗ್ತದೆ, ಕಾರು ಆಗುವುದಿಲ್ಲ. ಕಾರಿನ ಲೆಕ್ಕ ಬೇರೆಯೇ.

ಸಾಮಾನ್ಯ ಜನ ಕಾರು ಹತ್ತಿದ್ದು ಯಾವಾಗ ಅಂದರೆ ಅಂಬಾಸಿಡರ್ ಸರ್ವಿಸ್ ಬಂದಾಗ. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯವರಿಗೆ ಹೇಳುವುದೇ ಬೇಡ. ಎದುರು ನಾಲ್ಕು, ಹಿಂದೆ ಐದಾರು, ಮಕ್ಕಳು ಮಡಿಲಲ್ಲಿ ಲೆಕ್ಕಕ್ಕೇ ಇಲ್ಲ. ಡ್ರೈವರ್ ಅರ್ಧ ಮೈ ಬಾಗಿಲಿನ ಹೊರಗೆ. ಹೆಂಗಸರು ಹಿಂದೆಯೇ. ಸೆರಗು ಬಾಗಿಲಿಗೆ ಸಿಕ್ಕಿಕೊಳ್ಳದ ಹಾಗೆ ಹಿಡಿದುಕೊಂಡು, ಬುಟ್ಟಿ ಕಾಲಡಿ ಇಟ್ಟು, ಡೀಸೆಲ್ ವಾಸನೆಗೆ ಬಾಯಲ್ಲಿ ಲಿಂಬೆಹುಳಿ ಇಟ್ಟುಕೊಂಡು. ನಿಮ್ಮಲ್ಲಿ ಯಾರು ಬೆಳ್ಮಣಿನ ತಿರುವಿನಲ್ಲಿ ವಾಂತಿ ಮಾಡಲಿಲ್ಲ, ಕೈಯೆತ್ತಿ ನೋಡುವ!

ನಾನು ಈ ಎರಡು ತಿಂಗಳಲ್ಲಿ ಒಂದು ಕೆಲಸ ಮಾಡಿದೆ. ಅವರಿವರ ಮನೆಗೆ ಹೋದಾಗ ಹಳೆ ಆಲ್ಬಂ ತೆಗೆಸಿ, ಕಾರು ಇರುವ ಫೋಟೋ ನೋಡಿದೆ. ಒಟ್ಟು ಹತ್ತೊಂಬತ್ತು ಸಿಕ್ಕಿದವು. ಹದಿನೈದರಲ್ಲಿ ಗಂಡಸರು ಬಾನೆಟ್ಟಿಗೆ ಕೈ ಇಟ್ಟು ನಿಂತಿದ್ದಾರೆ. ಮೂರರಲ್ಲಿ ಮದುಮಗಳು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ. ಒಂದರಲ್ಲಿ ಮಾತ್ರ ಒಬ್ಬ ಹೆಂಗಸು ಸ್ಟೇರಿಂಗ್ ಹಿಡಿದು ಕೂತಿದ್ದಾರೆ. ಅದೂ ಫೋಟೋಕ್ಕೆ ಕೂತದ್ದಂತೆ, ಕಾರು ನಿಂತಿತ್ತು. ಮತ್ತೆ ಕೇಳಿ ನೋಡಿದೆ, "ನೀವು ಮೊದಲು ಕಾರು ಹತ್ತಿದ್ದು ಯಾವಾಗ?" ಗಂಡಸರು ಪ್ರವಾಸ ಹೇಳ್ತಾರೆ. ಆಗುಂಬೆ ಘಾಟಿಯ 14 ತಿರುವು, ರೇಡಿಯೇಟರ್ ಕುದಿದದ್ದು, ಧರ್ಮಸ್ಥಳ. ಹೆಂಗಸರು ಹೇಳುವುದು ಎರಡೇ: ಮದುವೆ, ಇಲ್ಲದಿದ್ದರೆ ಆಸ್ಪತ್ರೆ.

ಆಸ್ಪತ್ರೆಯ ವಿಷಯದಲ್ಲಿ ನಮ್ಮೂರು ಪುಣ್ಯವಂತ. ಉಡುಪಿಯ ಮಿಷನ್ ಆಸ್ಪತ್ರೆ 1923ರದ್ದು. ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟ್ರು ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗೆ ಅಂತ ಶುರುಮಾಡಿದ್ದು. ಮಣಿಪಾಲ ಆಗ ಬೋಳುಗುಡ್ಡೆ. ಮಣ್ಣಪಳ್ಳ ಅಂದರೆ ಮಣ್ಣಿನ ಕೆರೆ, ಅದೇ ಮಣಿಪಾಲ ಆದದ್ದು. ಅಲ್ಲಿ 1953ರಲ್ಲಿ ಕೆ.ಎಂ.ಸಿ. ಕಾಲೇಜು ಬಂತು, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ. ಆಸ್ಪತ್ರೆ ಬಂತು ಸರಿ, ಅಲ್ಲಿ ತನಕ ಹೋಗುವುದು ಹೇಗೆ? ರಾತ್ರಿ ಎರಡು ಗಂಟೆಗೆ ಬೇನೆ ಬಂದರೆ ಬಸ್ಸಿಲ್ಲ. ಯಾರ ಮನೆ ಬಾಗಿಲು ತಟ್ಟಬೇಕು? ಕಾರು ಇದ್ದ ಮನೆಯದ್ದು.

ಇಲ್ಲಿಗೆ ನಮ್ಮ ಅತ್ತೆಯ ಮಾತು ಬರ್ತದೆ. ಇದನ್ನು ಬರೀಬಹುದಾ ಅಂತ ಅವರನ್ನೇ ಕೇಳಿದ್ದೇನೆ. "ಬರಿ, ಎಂತ ಆತ್" ಹೇಳಿದ್ದಾರೆ.

ಕಾರು ಮನೆಗೆ ಬಂದ ದಿನ ಅತ್ತೆ ಹೊರಗೆ ಬರಲಿಲ್ಲ. ಆಯುಧಪೂಜೆಗೆ ಲಿಂಬೆಹಣ್ಣು ಚಕ್ರದಡಿ ಇಟ್ಟು ಕಾಯಿ ಒಡೆದಾಗಲೂ ಬರಲಿಲ್ಲ. ನಮ್ಮನೆಯವರಿಗೆ ಬೇಜಾರು. ಅಪ್ಪನ ನೆನಪಿಗೆ ತಂದದ್ದು, ಅಮ್ಮ ಒಂದು ಸರ್ತಿ ಮುಟ್ಟಿ ಕೂಡ ನೋಡಲಿಲ್ಲವಲ್ಲ ಅಂತ. 84 ವರ್ಷ, ಮಂಡಿನೋವು, ಅದಕ್ಕೇ ಇರಬೇಕು ಅಂತ ನಾವು ಹೇಳಿಕೊಂಡೆವು. ಒಂದು ಮಧ್ಯಾಹ್ನ ನಾನೂ ಅವರೂ ಬಸಳೆ ಬಿಡಿಸ್ತಾ ಕೂತಿದ್ದೆವು. ಹೊರಗೆ ಇವರು ಎಂಜಿನ್ ಸ್ಟಾರ್ಟ್ ಮಾಡಿದರು. ಅತ್ತೆ ಕೈ ನಿಲ್ಲಿಸಿ, "ಹೆಣೆ, ಆ ಶಬ್ದ ಕೇಂಡ್ರೆ ನಂಗೆ ಆ ರಾತ್ರಿಯೇ ನೆನಪಾತ್" ಹೇಳಿದರು.

1971ರ ಆಷಾಢ. ನಮ್ಮನೆಯವರಿಗೆ ಆಗ ನಾಲ್ಕು ವರ್ಷ. ಅತ್ತೆಗೆ ನಾಲ್ಕನೇ ಹೆರಿಗೆ. ಮೊದಲಿನ ಮೂರು ಮನೆಯಲ್ಲೇ, ಸೂಲಗಿತ್ತಿ ಮಾಡಿದ್ದು. ಈ ಸರ್ತಿ ಬೇನೆ ಬಂದು ಒಂದು ಹಗಲು ಕಳೆದರೂ ಆಗಲಿಲ್ಲ. ಸೂಲಗಿತ್ತಿ, ನನ್ನ ಕೈಲಾಗುವುದಿಲ್ಲ, ಉಡುಪಿಗೆ ಕರಕೊಂಡು ಹೋಗಿ ಅಂದಳು. ಮಾವ ಮನೆಯಲ್ಲಿರಲಿಲ್ಲ. ಧಣಿಗಳ ಮನೆಯವರನ್ನು ಕರಕೊಂಡು ಮಂಗಳೂರಿಗೆ ಹೋಗಿದ್ದರು. ಕಾರು ಅವರ ಜೊತೆ. ನೆರೆಯವರು ಎತ್ತಿನಗಾಡಿ ಕಟ್ಟಿದರು. ಗಾಡಿಗೆ ತಾಳೆಗರಿ ಮುಚ್ಚಿ, ಆ ಮಳೆಯಲ್ಲಿ ಮಾರ್ಗದ ತನಕ. ಅಲ್ಲಿ ಬೆಳಿಗ್ಗೆಯ ಮೊದಲ ಬಸ್ಸಿಗೆ ಕಾದದ್ದು. ಮಗು ಹುಟ್ಟಿದ್ದು ದಾರಿಯಲ್ಲಿ. ಹೆಣ್ಣು. ಅಳಲಿಲ್ಲ. ಮಿಷನ್ ಆಸ್ಪತ್ರೆಗೆ ಮುಟ್ಟಿದ ಮೇಲೆ ಅತ್ತೆಯನ್ನು ಉಳಿಸಿದರು.

"ನಿಮ್ಮ ಮಾವ ಮರುದಿನ ಅದೇ ಕಾರಂಗೆ ಆಸ್ಪತ್ರಿಗೆ ಬಂದ್ರ್. ಧಣಿಗಳೇ ಕಳ್ಸಿದ್ದ್. ಒಳ್ಳೆ ಜನ ಅವ್ರ್. ಹೊರಗೆ ಕಾರ್ ನಿಲ್ಸಿದ ಶಬ್ದ ಮಲ್ಕಂಡಲ್ಲಿಗೆ ಕೇಂತಿತ್ತ್. ನಾನ್ ಆ ಕಾರಂಗೆ ಮನಿಗ್ ಬಂದೆ. ಅದೇ ನಾನ್ ಮೊದ್ಲು ಕಾರ್ ಹತ್ತದ್ದ್." ಇಷ್ಟು ಹೇಳಿ ಅತ್ತೆ ಮತ್ತೆ ಬಸಳೆ ಕೈಗೆ ತಕೊಂಡರು.

ಹದಿಮೂರು ವರ್ಷ ಡ್ರೈವರನ ಹೆಂಡತಿಯಾಗಿದ್ದು ಅವರು ಆ ತನಕ ಕಾರಿನಲ್ಲಿ ಕೂತಿರಲಿಲ್ಲ. ಕೂರಬಾರದು ಅಂತ ಯಾರೂ ಹೇಳಿರಲಿಲ್ಲವಂತೆ. ಕೂತುಕೊಳ್ಳಿ ಅಂತಲೂ ಯಾರೂ ಹೇಳಿರಲಿಲ್ಲ. ಗಂಡನ ಅಂಗಿ ತೊಳೆಯುವಾಗ ಬರುವ ಪೆಟ್ರೋಲಿನ ವಾಸನೆಯಲ್ಲೇ ಅವರಿಗೆ ಕಾರಿನ ಪರಿಚಯ.

ನಮ್ಮನೆಯವರಿಗೆ ಒಬ್ಬಳು ತಂಗಿ ಹುಟ್ಟುವಾಗಲೇ ಹೋದದ್ದು ಮಾತ್ರ ಗೊತ್ತಿತ್ತು, ಗಾಡಿಯ ಕಥೆ, ಕಾರಿನ ಕಥೆ ಗೊತ್ತಿರಲಿಲ್ಲ. ಮಾವ ಯಾವತ್ತೂ ಹೇಳಿಲ್ಲ. ಆ ರಾತ್ರಿ ನಾನು ಹೇಳಿದಾಗ ಇವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಕಾರಿಗೆ ಗಿರಾಕಿ ನೋಡುವ ಅಂದರು. ಬೆಂಗಳೂರಿನಿಂದ ಮಗನೂ ಅದನ್ನೇ ಹೇಳಿದ. ಅವನ ಲೆಕ್ಕ ಬೇರೆ, ಹಣದ್ದು. ಅವನ ಲೆಕ್ಕವೂ ಸುಳ್ಳಲ್ಲ. 15 ವರ್ಷ ಕಳೆದ ಕಾರಿಗೆ ಐದೈದು ವರ್ಷಕ್ಕೆ ಮತ್ತೆ ರಿಜಿಸ್ಟ್ರೇಶನ್ ಆಗಬೇಕು. ಮೊದಲು ಅದಕ್ಕೆ 600 ರೂಪಾಯಿ ಇದ್ದದ್ದು 2022ರ ಎಪ್ರಿಲಿನಲ್ಲಿ 5,000 ಆಗಿತ್ತು. ವಿಂಟೇಜ್ ಅಂತ ಬೇರೆ ನಂಬ್ರ ಕೊಡುವ ಕ್ರಮ 2021ರಲ್ಲಿ ಬಂದಿದೆ, ಆದರೆ ಅದಕ್ಕೆ ಕಾರಿಗೆ 50 ತುಂಬಬೇಕು. ನಮ್ಮದಕ್ಕೆ 2033ಕ್ಕೆ. ಸಾಮಾನು ಬೇಕಾದರೆ ಬೆಂಗಳೂರಿನ ಜೆ.ಸಿ. ರೋಡು, ಇಲ್ಲದಿದ್ದರೆ ಮುಂಬಯಿ. ಎಲ್ಲಕ್ಕಿಂತ ಮೇಲೆ ನಮ್ಮ ಉಪ್ಪುಗಾಳಿ. ಕಾಪುವಿನ ದೀಪಸ್ತಂಭ 1901ರಿಂದ ನಿಂತಿದೆ, ಅದು ಕಲ್ಲು. ತಗಡು ನಿಲ್ಲುವುದಿಲ್ಲ. ಕಾಪುವಿನ ನನ್ನ ಅಣ್ಣನ ಮನೆಯ ಗೇಟು ಐದು ವರ್ಷಕ್ಕೆ ಹಪ್ಪಳ ಆಗ್ತದೆ. ಈ ಕಾರು ಇಷ್ಟು ಉಳಿದದ್ದು ಕಾರ್ಕಳದಲ್ಲಿ ಇದ್ದದ್ದಕ್ಕೆ.

ಅತ್ತೆಯ ಎದುರು ಮಾರುವ ಮಾತು ತೆಗೆದೆವು. ಅವರು ನಮ್ಮಿಬ್ಬರ ಮುಖ ನೋಡಿದರು. "ಮಾರೂದ್ ಎಂತಕ್? ಕಾರಿಂದೆಂತ ತಪ್ಪಿತ್ತ್? ಆ ದಿನ ಅದ್ ಅಲ್ಲಿರ್ಲಿಲ್ಲ, ಅಷ್ಟೇ. ಇದ್ರೆ ಬತ್ತಿತ್ತ್." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. "ಇಟ್ಕಣಿ. ಆದ್ರೆ ರಾತ್ರಿ ಯಾರಾರೂ ಬಂದ್ ಕೇಂಡ್ರೆ ಇಲ್ಲ ಅಂಬೂಕಾಗ."

ಇವರು ನಗಾಡಿದರು. ಈಗ ಯಾರು ಬಂದು ಕೇಳ್ತಾರೆ? 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, ನಮ್ಮ ಕಾರು ಹುಟ್ಟಿದ ವರ್ಷವೇ. ಮತ್ತೆ ಗಲ್ಫಿನ ಹಣ, ಬ್ಯಾಂಕಿನ ಸಾಲ. ಈಗ ನಮ್ಮ ಬೀದಿಯಲ್ಲಿ ಕಾರಿಲ್ಲದ ಮನೆ ಎರಡೋ ಮೂರೋ. 2008ರಿಂದ 108 ಅಂಬುಲೆನ್ಸ್ ಉಂಟು. ಪದ್ಮಿನಿ ತಯಾರಿಸುವುದು 2000ದ ಹೊತ್ತಿಗೇ ನಿಂತಿತು. ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ 2023ರ ಅಕ್ಟೋಬರ್ 30ಕ್ಕೆ ಅದೂ ಮುಗಿಯಿತು. ನಮ್ಮ ಕಾರಿಗೆ ಚೋಕ್ ಎಳೆದು ಹೊರಡಿಸುವಷ್ಟರಲ್ಲಿ ಪಕ್ಕದ ಮನೆಯ ಕಾರು ಮಣಿಪಾಲ ಮುಟ್ಟಿರ್ತದೆ.

ಅದೆಲ್ಲ ನಿಜ. ಆದರೆ ನಾನು ಅತ್ತೆಯ ಮಾತನ್ನು ಬೇರೆ ರೀತಿ ಎಣಿಸ್ತೇನೆ. ಆಗ ಊರಿಗೆ ಒಂದೇ ಕಾರು ಇದ್ದಾಗ, ಅದು ಒಬ್ಬರದ್ದೇ ಆದರೂ ಎಲ್ಲರ ಕಣ್ಣು ಅದರ ಮೇಲೆ. ಸಿಕ್ಕಿದರೆ ಜೀವ ಉಳೀತಿತ್ತು, ಸಿಗದಿದ್ದರೆ ಹೋಗ್ತಿತ್ತು. ಒಳ್ಳೆ ಧಣಿ, ಕೆಟ್ಟ ಧಣಿ ಅನ್ನುವುದು ನಂತರದ ಮಾತು. ಆ ಕಾಲ ಎಷ್ಟು ಒಳ್ಳೇದಿತ್ತು ಅಂತ ಹಳೆ ಕಾರು ನೋಡಿ ಹೇಳುವವರು ನಮ್ಮ ಅಂಗಳಕ್ಕೂ ಬರ್ತಾರೆ, ಬಾನೆಟ್ ಸವರಿ ಹೋಗ್ತಾರೆ. ಅವರಿಗೆ ನಾನು ಚಾ ಕೊಡ್ತೇನೆ, ಎದುರು ಹೇಳುವುದಿಲ್ಲ. ಕಾರು ಚೆಂದ ಇತ್ತು, ಹೌದು. ಕಾಲ ಎಲ್ಲರಿಗೂ ಚೆಂದ ಇರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ಮಾತ್ರ ಹಳೆ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅರ್ಥ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಕೂಡಿಹಾಕಿದ ಹಳೆ ಕಾರುಗಳ ಸಾಲು ನೀವು ನೋಡಿರಬಹುದು. ಇನ್ನೊಮ್ಮೆ ಹೋದಾಗ ನಾನು ಪ್ರತಿ ಕಾರಿನ ಹಿಂದಿನ ಸೀಟು ನೋಡ್ತೇನೆ.

ನಾವು ಕಾರು ಇಟ್ಟುಕೊಂಡಿದ್ದೇವೆ. ಕೊಟ್ಟಿಗೆಯ ಜಾಗಕ್ಕೆ ಹಂಚು ಹಾಕಿ ಶೆಡ್ ಮಾಡಿಸಿದ್ದಾಯ್ತು. ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಬಾರದು, ಒಳಗೆ ಬೆವರಿ ತುಕ್ಕು ಜಾಸ್ತಿ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಅಡಿಗೆ ಗ್ರೀಸು ಬಳಿದು, ಗಾಳಿಯಾಡುವ ಹಾಗೆ ನಿಲ್ಲಿಸಿ, ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸಬೇಕು. ಆ ವಾರಕ್ಕೊಮ್ಮೆಯ ಕೆಲಸ ನಾನು ಕೇಳಿ ತಕೊಂಡಿದ್ದೇನೆ. ಲೈಸೆನ್ಸ್ ನನಗೆ 2009ರಿಂದಲೂ ಉಂಟು. ಕೋಲಿನ ಗೇರು ಮಾತ್ರ ಹೊಸತು. ಪರ್ಕಳದ ಏರಿಗೆ ಎರಡನೇ ಗೇರು ಸಿಗುವಾಗ ಒಂದು ಶಬ್ದ ಬರ್ತದೆ, ಇವರು ಪಕ್ಕದಲ್ಲಿ ಕೂತು ಹಲ್ಲು ಕಚ್ತಾರೆ.

ಹೋದ ಶುಕ್ರವಾರ ಅತ್ತೆ ತಾವಾಗಿಯೇ, ಉಡುಪಿಗೆ ಹೋಯ್ಕ್ ಅಂದರು. ಇವರು ಹಿಂದಿನ ಬಾಗಿಲು ತೆಗೆದರು. ಅತ್ತೆ ಹಿಂದೆ ಕೂರಲಿಲ್ಲ, ಮಂಡಿ ಹಿಡಿದುಕೊಂಡು ಸುತ್ತಿ ಬಂದು ಎದುರು ಕೂತರು. ಇವರು ಹಿಂದೆ. ನಾನು ಓಡಿಸಿದೆ. ಮಿಷನ್ ಆಸ್ಪತ್ರೆಯ ಎದುರು ಬಂದಾಗ ನಾನು ಕೇಳದೆಯೇ ಮೆಲ್ಲ ಮಾಡಿದೆ. ಅತ್ತೆ ಆ ಕಡೆ ನೋಡಿದರು, ಏನೂ ಹೇಳಲಿಲ್ಲ. ಮುಂದೆ ಹೋದ ಮೇಲೆ ತ್ರಿಕೋಣ ಗಾಜನ್ನು ಬೆರಳಿಂದ ದೂಡಿ ತಮ್ಮ ಕಡೆ ಗಾಳಿ ತಿರುಗಿಸಿಕೊಂಡರು.

ನಿಮ್ಮ ಮನೆಯ ಅಜ್ಜಿ, ಅತ್ತೆ, ದೊಡ್ಡಮ್ಮ ಇನ್ನೂ ಇದ್ದರೆ ಕೇಳಿ ಇಟ್ಟುಕೊಳ್ಳಿ, ಅವರು ಮೊದಲು ಕಾರು ಹತ್ತಿದ್ದು ಯಾವಾಗ, ಯಾಕೆ, ಯಾರ ಕಾರು. ನಮ್ಮ ಕಡೆ ಬಂದಾಗ ನನಗೂ ಹೇಳಿ. ಚಾ ಕುಡಿದು ಒಂದು ರೌಂಡ್ ಹೋಗುವ. ಎದುರಿನ ಸೀಟು ಮಾತ್ರ ಕೇಳಬೇಡಿ, ಅದು ಈಗ ಅತ್ತೆಯದ್ದು.